ಗುರುತಿನ ಚೀಟಿಯ ಮೇಲೊಂದು ರಟ್ಟಿನ ಪಟ್ಟಿ

ಹಾಸ್ಟೆಲಿನ ವಾರ್ಡನ್ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರ ಮೊದಲ ಪ್ರಶ್ನೆ, ಹುಡುಗಿಯರು ಗೇಟು ಹಾರಿ ಹೋಗುತ್ತಾರಾ? ಎರಡನೆಯದು, ಅಡುಗೆಯವಳು ಬೇಳೆ ಕದಿಯುತ್ತಾಳಾ? ಎರಡಕ್ಕೂ ನನ್ನ ಉತ್ತರ ಒಂದೇ: ಹೌದು, ಏನೀಗ? ಗೇಟು ಹಾರಿದವಳು ಹಸಿವಾದಾಗ ವಾಪಸ್ಸು ಬರುತ್ತಾಳೆ. ಬೇಳೆ ಹೋದರೆ ಎರಡು ದಿನ ಸಾರು ತೆಳ್ಳಗಾಗುತ್ತದೆ. ಹೋದರೆ ಮರಳಿ ಬಾರದ ವಸ್ತು ಬೇರೆ ಇದೆ, ಅದು ನಿಮ್ಮ ಮೇಜಿನ ಮೇಲಿನ ಫೈಲಿನಲ್ಲಿರುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಹಾಗಾಗಿ ಕೇಳದಿದ್ದರೂ ಹೇಳುತ್ತಿದ್ದೇನೆ.

ನಾನು ಹುಮನಾಬಾದಿನ ಕಡೆಯವಳು. ಹೆಸರು ನೀಲಮ್ಮ, ಹುಡುಗಿಯರ ಬಾಯಲ್ಲಿ ನೀಲಕ್ಕ. ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಕನ್ನಡದವರೇ ಸೇರಿ ಒಂದು ಹಾಸ್ಟೆಲು ನಡೆಸುತ್ತಿದ್ದರು. ಕೆಲಸಕ್ಕೆ ಹೋಗುವ ಮದುವೆಯಾಗದ ಹುಡುಗಿಯರಿಗಾಗಿ ಅಂತ ಬೋರ್ಡಿನ ಮೇಲೇ ಬರೆದಿತ್ತು. ನಲವತ್ತು ಮಂಚ, ಎರಡು ಬಚ್ಚಲು, ಒಬ್ಬಳು ವಾರ್ಡನ್. ಯಾರ್ಡಿಗೆ ಉಳ್ಳಾಗಡ್ಡಿ ಲಾರಿ ಬಂದ ದಿನ ನಮ್ಮ ಒಣಗಿದ ಬಟ್ಟೆಗಳಿಗೂ ಅದೇ ವಾಸನೆ. ತೊಂಬತ್ತರ ದಶಕದ ಶುರುವಿನಲ್ಲಿ ಸೇರಿ ಹದಿನೆಂಟು ವರ್ಷ ಅಲ್ಲಿದ್ದೆ. ಬಡ್ತಿಯ ಕಥೆ ಹೇಳೋಣವೆಂದರೆ ಸೇರಿದ ದಿನವೂ ವಾರ್ಡನ್, ಬಿಟ್ಟ ದಿನವೂ ವಾರ್ಡನ್.

ನನ್ನ ಹೆಮ್ಮೆಯೆಲ್ಲ ಇದ್ದದ್ದು ಒಂದು ಕೆಂಪು ಫೈಲಿನಲ್ಲಿ. ಸೇರುವ ಪ್ರತಿಯೊಬ್ಬಳೂ ತನ್ನ ಗುರುತಿನ ಕಾಗದದ ಝೆರಾಕ್ಸ್ ಕೊಡಬೇಕಿತ್ತು. ನಾನು ಅದನ್ನು ಗೋಂದು ಹಚ್ಚಿ ಅಂಟಿಸಿ, ಸುತ್ತ ಸ್ಕೇಲಿಟ್ಟು ಕೆಂಪು ಗೆರೆ ಎಳೆದು, ಪುಟದ ಸಂಖ್ಯೆ ಹಾಕುತ್ತಿದ್ದೆ. ಆಗ ಗುರುತಿನ ಕಾಗದ ಅಂದರೆ ರೇಷನ್ ಕಾರ್ಡು, ಪಕ್ಕದಲ್ಲೊಂದು ಸ್ಟುಡಿಯೋ ಫೋಟೋ. ಒಬ್ಬ ಹುಡುಗಿ ಯಾರು ಅಂತ ತಿಳಿಯಲು ಅವಳ ಇಡೀ ಮನೆತನವನ್ನೇ ಓದಬೇಕು. ನನಗೆ ಅದು ತೊಂದರೆಯೆನಿಸಲಿಲ್ಲ, ಸುಳ್ಳೇಕೆ ಹೇಳಲಿ, ಭಾಳ ಖುಷಿಯೆನಿಸಿತು. ಮಧ್ಯಾಹ್ನ ಕಾಲು ಚಾಚಿ ಕೂತು ಒಂದೊಂದೇ ಕಾರ್ಡು ಓದುತ್ತಿದ್ದೆ. ಯಾರಪ್ಪನಿಗೆ ಇಬ್ಬರು ಹೆಂಡಿರು, ಯಾರ ಅಣ್ಣನ ಹೆಸರು ಹೊಡೆದು ಹಾಕಿದ್ದಾರೆ, ಎಲ್ಲಾ ಬಾಯಿಪಾಠ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಬಡಿಸುತ್ತಿದ್ದೆ.

“ಏನವಾ, ನಿಮ್ಮ ಮನ್ಯಾಗ ಹದಿಮೂರು ಮಂದಿ ಅದೀರಂತಲ್ಲ! ರೊಟ್ಟಿ ಬಡಿಯೋರು ಯಾರು?”

ಎಲ್ಲರೂ ನಗುತ್ತಿದ್ದರು. ಆ ಹುಡುಗಿಯೂ ನಗುತ್ತಿದ್ದಳು, ತಟ್ಟೆ ನೋಡುತ್ತ. ಅವಳು ತಟ್ಟೆ ನೋಡುತ್ತಿದ್ದದ್ದು ನನಗೆ ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ.

ಒಂದು ಸಲ ಇನ್ನೂ ಒಳ್ಳೆಯ ಬುದ್ಧಿ ಹೊಳೆಯಿತು. ಸೇರುವಾಗ ಕೊಟ್ಟಿದ್ದ ಶಾಲೆ ಬಿಟ್ಟ ದಾಖಲೆಗಳಿಂದ ಎಲ್ಲರ ಹುಟ್ಟಿದ ದಿನ ಹೆಕ್ಕಿ, ಊಟದ ಮನೆಯ ಕರಿಹಲಗೆಯ ಮೇಲೆ ಶುಭಾಶಯ ಬರೆಯತೊಡಗಿದೆ. ಸುತ್ತ ಹೂವಿನ ಬಳ್ಳಿ ಬೇರೆ. ಶೋಭಾ ಎಂಬ ಹುಡುಗಿಯ ದಿನ ಬಂದಾಗ “ನಮ್ಮ ಶೋಭಾಗ ಇವತ್ತಿಗೆ ಮೂವತ್ತು” ಅಂತ ದಪ್ಪಕ್ಷರದಲ್ಲಿ ಬರೆದೆ. ಅವಳು ಕೋಣೆಯವರಿಗೆಲ್ಲ ಇಪ್ಪತ್ತೈದು ಅಂತ ಹೇಳಿದ್ದಳು. ಇಪ್ಪತ್ತಾರರವರನ್ನೂ ಅಕ್ಕಾ ಅನ್ನುತ್ತಿದ್ದವಳು ಒಂದೇ ಬೆಳಿಗ್ಗೆಗೆ ಎಲ್ಲರಿಗೂ ಅಕ್ಕ ಆಗಿಬಿಟ್ಟಳು. ಸಂಜೆ ನನ್ನ ಮುಂದೆ ಬಂದು ನಿಂತಳು.

“ನೀಲಕ್ಕಾರ, ನಿಮ್ಮ ವಯಸ್ಸೆಷ್ಟ್ರಿ?”

“ಅದು ನಿನಗ್ಯಾಕ ಬೇಕವಾ?”

“ಅದನ್ನೇ ನಾನೂ ಕೇಳಾಕತ್ತೀನ್ರಿ.”

ಹದಿನೈದು ದಿನ ಮಾತು ಬಿಟ್ಟಳು. ನಾನು ಹಲಗೆ ಅಳಿಸಿದೆ, ಬುದ್ಧಿ ಕಲಿಯಲಿಲ್ಲ. ವಯಸ್ಸು ಬರೆಯದೆ ಹೂವಿನ ಬಳ್ಳಿಯನ್ನಷ್ಟೇ ಬರೆಯಬೇಕಿತ್ತು ಅಂದುಕೊಂಡೆ.

ನನ್ನ ಮೇಲಿನವರು ಅಧ್ಯಕ್ಷೆ ಸುಗುಣಮ್ಮನವರು. ಕುಂದಾಪುರದ ಕಡೆಯವರು, ಯಜಮಾನರದ್ದು ಸ್ವಾರಗೇಟಿನ ಹತ್ತಿರ ಹೋಟೆಲು. ಪ್ರತಿ ಶನಿವಾರ ಗೋಳಿಬಜೆಯ ಪೊಟ್ಟಣ ಹಿಡಿದು ಬರುತ್ತಿದ್ದರು. ಬಂದವರೇ, “ನೀಲಮ್ಮ, ಎಲ್ಲಿ ಮಾರಾಯ್ತಿ ನನ್ನ ಪುಸ್ತಕ?” ಅನ್ನುತ್ತಿದ್ದರು. ಪುಸ್ತಕ ಅಂದರೆ ನನ್ನ ಕೆಂಪು ಫೈಲು. ಪುಣೆಯ ಕನ್ನಡಿಗರಲ್ಲಿ ಯಾರ ಮನೆಯಲ್ಲಿ ಮದುವೆಗೆ ಬಂದ ಗಂಡಿದ್ದರೂ ಸುಗುಣಮ್ಮನವರಿಗೆ ಸುದ್ದಿ ಮುಟ್ಟುತ್ತಿತ್ತು. ಅವರು ಒಂದು ಬಜೆ, ಒಂದು ಪುಟ ಅಂತ ತಿರುವುತ್ತ ಹೆಣ್ಣು ಹುಡುಕುತ್ತಿದ್ದರು. ಪುಟಗಳ ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು. ಕನ್ನಡಕ ಚೀಲದಲ್ಲೇ ಇರುತ್ತಿತ್ತು, ಹಾಕಿಕೊಂಡರೆ ವಯಸ್ಸಾದಂತೆ ಕಾಣುತ್ತದೆಂದು ಮನೆಯ ಹೊರಗೆ ತೆಗೆಯುತ್ತಿರಲಿಲ್ಲ. ಹಾಗಾಗಿ ನೋಡುತ್ತಿದ್ದದ್ದು ಮುಖ ಮಾತ್ರ, ಉಳಿದದ್ದನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ.

ಆ ಫೈಲಿನಿಂದ ನಾಲ್ಕು ಮದುವೆಗಳಾದವು. ನಾಲ್ಕರಲ್ಲೂ ನನಗೆ ಸೀರೆ, ಹೋಳಿಗೆ. ಸೀರೆ ಬರುವ ಕೆಲಸದಲ್ಲಿ ತಪ್ಪು ಕಾಣುವಷ್ಟು ದೊಡ್ಡವಳು ನಾನಲ್ಲ.

ಅಷ್ಟರಲ್ಲಿ ಮತದಾರರ ಗುರುತಿನ ಚೀಟಿ ಬಂತು. ಒಬ್ಬರಿಗೊಂದು ಚೀಟಿ, ಅದರಲ್ಲೇ ಫೋಟೋ, ಬೇರೆ ಅಂಟಿಸಬೇಕಿಲ್ಲ. ಆ ಫೋಟೋಗಳ ಚಂದ ಏನು ಹೇಳಲಿ! ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ಝೆರಾಕ್ಸ್ ಕೊಡುವಾಗ ಪ್ರತಿಯೊಬ್ಬಳೂ, “ಅಕ್ಕಾರ, ಯಾರಿಗೂ ತೋರಿಸಬ್ಯಾಡ್ರಿ,” ಅನ್ನುತ್ತಿದ್ದಳು. ನಾನು ನಕ್ಕು ಅಂಟಿಸುತ್ತಿದ್ದೆ.

ಆ ದಿನಗಳಲ್ಲೇ ಒಬ್ಬ ಹುಡುಗಿ ಬಂದಳು. ರೇಣುಕಾ ಅನ್ನೋಣ, ಅದು ಅವಳ ಹೆಸರಲ್ಲ. ಈ ಬರಹವನ್ನು ಮೊದಲು ಅವಳಿಗೇ ಓದಲು ಕೊಟ್ಟೆ. ಎರಡು ಸಾಲು ಹೊಡೆದು ಹಾಕಿದಳು, ಒಂದು ಸಾಲು ಸೇರಿಸಿದಳು, ಯಾವುದೆಂದು ಕೇಳಬೇಡಿ. ಯಾದಗಿರಿ ಕಡೆಯ ಹುಡುಗಿ. ತಾಯಿ ಕಾತ್ರಜದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು, ತಗಡಿನ ಶೆಡ್ಡಿನಲ್ಲಿ ವಾಸ. ಮಗಳಿಗೆ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕಿತ್ತು. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಲಾರಿ ಡ್ರೈವರುಗಳನ್ನು ಬೈಯಬಲ್ಲವಳು. ಅವಳೂ ಚೀಟಿಯ ಝೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ಮೆಲ್ಲಗೆ ಅಂದಳು:

“ಅಕ್ಕಾರ, ಇದನ್ನ ನೀವೊಬ್ರೇ ನೋಡ್ರಿ.”

“ಎಲ್ಲಾರದೂ ಹಂಗೇ ಬಂದದವಾ. ನನ್ನದು ನೋಡಿದ್ರ ನೀ ರಾತ್ರಿ ಹೆದರ್ತಿ,” ಅಂದೆ. ಅವಳು ಯಾಕೋ ನನ್ನ ಕಾಲು ಮುಟ್ಟಿದಳು. ಫೋಟೋಕ್ಕೆ ಇಷ್ಟು ನಾಚಿಕೆಯೇ ಅಂದುಕೊಂಡು, ಓದದೆ ಅಂಟಿಸಿ ಗೆರೆ ಎಳೆದೆ.

ಒಂದು ವರ್ಷ ಕಳೆಯಿತು. ಒಂದು ಶನಿವಾರ ಸುಗುಣಮ್ಮನವರ ಬೆರಳು ರೇಣುಕಾಳ ಪುಟದ ಮೇಲೆ ನಿಂತಿತು.

“ಈ ಹುಡುಗಿ ಲಾಯ್ಕ್ ಉಂಟಲ್ಲ! ಸಾಸವಡದಲ್ಲಿ ಇವಳ ಯಾದಗಿರಿ ಕಡೆಯವರೇ ಒಬ್ರು ಇದ್ದಾರೆ, ಹುಡುಗ ಫ್ಯಾಕ್ಟರಿಯಲ್ಲಿ. ನಾಳೆ ಆದಿತ್ಯವಾರ ಹೋಗಿ ಬರ್ತೇನೆ. ಇದರದ್ದೊಂದು ಪ್ರತಿ ಮಾಡಿಸಿ ಕೊಡು.”

ಓಡಿ ಹೋಗಿ ಮೂಲೆಯ ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ ತಂದೆ. ಐದನೆಯ ಸೀರೆಯ ಬಣ್ಣವನ್ನೂ ದಾರಿಯಲ್ಲೇ ಆರಿಸಿಕೊಂಡಿದ್ದೆ. ಸುಗುಣಮ್ಮ ಅದನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ, ಎಲ್ಲರೂ ಹೋಗುವವರೆಗೆ ಕಾದು, ರೇಣುಕಾಳ ಕಿವಿಯಲ್ಲಿ ಸಿಹಿಸುದ್ದಿ ಉಸುರಿದೆ. ಗಂಡು ಯಾವ ಕಡೆಯವರು, ನಿನ್ನ ಚೀಟಿ ಯಾರ ಕೈಗೆ ಹೋಗುತ್ತದೆ, ಎಲ್ಲಾ ಹೇಳಿದೆ. ಅವಳು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟಳು.

“ಅಕ್ಕಾರ, ಆ ಚೀಟಿಯಾಗ ನನ್ನ ಗಂಡನ ಹೆಸರದರೀ.”

ಫೈಲು ತೆಗೆದು ನೋಡಿದೆ. ನಾನೇ ಎಳೆದ ಕೆಂಪು ಗೆರೆಯ ನಡುವೆ, ಅವಳ ಹೆಸರಿನ ಕೆಳಗೆ, ‘ಗಂಡನ ಹೆಸರು’ ಅಂತ ಸ್ವಚ್ಛವಾಗಿ ಮುದ್ರಿಸಿತ್ತು.

ಹದಿನೆಂಟು ತುಂಬುತ್ತಲೇ ಮದುವೆ ಮಾಡಿದ್ದರಂತೆ. ಆ ವರ್ಷವೇ ಊರಿಗೆ ಬಂದವರು ಎಲ್ಲರ ಫೋಟೋ ತೆಗೆದು ಚೀಟಿ ಮಾಡಿಕೊಟ್ಟಿದ್ದರು. ಬೆನ್ನ ಮೇಲೆ ಬರೆ ತಾಳಲಾರದೆ ಒಂದು ಬೆಳಿಗ್ಗೆ ತಾಯಿಯ ಜೊತೆ ಬಸ್ಸು ಹತ್ತಿ ಕಾತ್ರಜದಲ್ಲಿ ಇಳಿದಿದ್ದಳು. ಬರುವಾಗ ಕೈಯಲ್ಲಿದ್ದ ಒಂದೇ ಗುರುತು ಆ ಚೀಟಿ. ನಮ್ಮ ಅರ್ಜಿಯಲ್ಲಿ ಮದುವೆಯಾಗಿಲ್ಲ ಅಂತ ಬರೆದಿದ್ದಳು, ಇಲ್ಲದಿದ್ದರೆ ಮಂಚ ಸಿಗುತ್ತಿರಲಿಲ್ಲ.

“ಸಾಸವಡದವರು ನನ್ನ ಗಂಡನ ಬಳಗದವ್ರೇ ಇರಬೇಕ್ರಿ. ನಾ ಇಲ್ಲಿದ್ದದ್ದು ಗೊತ್ತಾದ್ರ ನಾಳೆ ಆ ಮನುಷ್ಯಾ ಇದೇ ಗೇಟಿಗೆ ಬಂದು ನಿಂದರ್ತಾನ. ನನ್ನ ಕೆಲಸಾ ಹೋತು, ಮಂಚಾ ಹೋತು.” ಆಮೇಲೆ ಮೆಲ್ಲಗೆ ಅಂದಳು: “ನೀವು ಓದಿ ಗೊತ್ತಿದ್ದೇ ಸುಮ್ಮನದೀರಿ ಅಂತ ತಿಳ್ಕೊಂಡಿದ್ದೆ ಅಕ್ಕಾರ. ದಿನಾ ಮನಸಿನ್ಯಾಗ ನಿಮಗ ಕೈ ಮುಗಿತಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈ ಮುಗಿದಳಲ್ಲ, ಅದನ್ನು ತಡೆಯಲಾಗಲಿಲ್ಲ.

ಸುಗುಣಮ್ಮನವರ ಮನೆಗೆ ಫೋನು ಮಾಡಿದೆ. ಸೊಸೆ, “ಅತ್ತೆ ಆಗಲೇ ಹೊರಟ್ರಲ್ಲ,” ಅಂದಳು. ಸ್ವಾರಗೇಟಿಗೆ ರಿಕ್ಷಾ, ಅಲ್ಲಿಂದ ಸಾಸವಡದ ಸರಕಾರಿ ಲಾಲ್ ಬಸ್ಸು. ಬಸ್ಸು ದಿವೆ ಘಾಟನ್ನು ಏರುವಾಗ ನಾನು ಸೀಟಿನಲ್ಲಿ ಕೂತೇ ಅದನ್ನು ತಳ್ಳುತ್ತಿದ್ದೆ. ಪಾಲಖಿಯ ಜೊತೆ ವಾರಕರಿ ಯಾತ್ರಿಕರು ಈ ಘಾಟನ್ನು ನಡೆದು ಹತ್ತುವಾಗ ವಿಠಲನ ನಾಮ ಹೇಳುತ್ತಾರೆ. ನಾನು ಹೇಳುತ್ತಿದ್ದದ್ದು ಒಂದೇ, ದೇವರೇ, ಆಕೆ ಕೈಚೀಲ ಮನೆಯಲ್ಲೇ ಮರೆತಿರಲಿ.

ಸೊಸೆ ಹೇಳಿದ ವಿಳಾಸ ಕೇಳಿಕೊಂಡು ಆ ಮನೆ ಮುಟ್ಟಿದಾಗ ಸುಗುಣಮ್ಮ ಗೋಡೆಗೊರಗಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಕೈಚೀಲ ಮಡಿಲಲ್ಲೇ ಇತ್ತು. ಬಾಗಿಲಲ್ಲಿ ಬೆವರಿಳಿಸುತ್ತ ನಿಂತ ನನ್ನನ್ನು ಮನೆಯವರೆಲ್ಲ ನೋಡಿದರು. ನಾನು ನೆಪ ಯೋಚಿಸಿಯೇ ಇರಲಿಲ್ಲ.

“ಹಾಸ್ಟೆಲಿನ್ಯಾಗ ಗ್ಯಾಸ್ ಮುಗದದರೀ,” ಅಂದೆ.

“ಅದಕ್ಕ ಪುಣೇದಿಂದ ಇಲ್ಲೀಮಟಾ ಬಂದ್ರೇನ್ರಿ?” ಅಂತ ಮನೆಯಾಕೆ ಕಣ್ಣರಳಿಸಿದಳು. ಪಾಪ, ಒಳಗೆ ಕರೆದು ನೀರು ಕೊಟ್ಟಳು. ಆಮೇಲೆ ಸುಗುಣಮ್ಮನವರ ಕಡೆ ತಿರುಗಿ, “ಅಮ್ಮಾರ, ಹುಡುಗೀ ಫೋಟೋ ತೋರಿಸ್ತೀನಿ ಅಂದಿದ್ರಲ್ರಿ?” ಅಂದಳು.

ಸುಗುಣಮ್ಮ ಕೈಚೀಲ ತೆರೆದರು. ಕರ್ಚೀಪು ಹೊರಗೆ ಬಂತು, ಬೀಗದ ಕೈ ಬಂತು, ಮಾತ್ರೆಯ ಡಬ್ಬಿ, ಕನ್ನಡಕದ ಡಬ್ಬಿ ಬಂದವು. ಚೀಲವನ್ನು ಬೋರಲು ಹಾಕಿ ಕೊಡವಿದರು.

“ಅಯ್ಯೋ ಮಾರಾಯ್ರೇ, ಮರ್ತೇ ಬಂದೆ ಕಾಣಿ! ವಯಸ್ಸಾಯ್ತಲ್ಲ,” ಅಂದರು.

ಸುಗುಣಮ್ಮ ತಮ್ಮ ಬಾಯಿಂದ ತಮಗೆ ವಯಸ್ಸಾಯಿತು ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ವಾಪಸ್ಸು ಬರುವಾಗ ಅವರ ಕಾರಿನಲ್ಲೇ ಕೂತೆ. ಘಾಟು ಇಳಿದ ಮೇಲೆ ಅವರು ಕನ್ನಡಕದ ಡಬ್ಬಿ ತೆಗೆದರು. ಅದರೊಳಗೆ, ಕನ್ನಡಕದ ಅಡಿಯಲ್ಲಿ, ವೀಳ್ಯದಷ್ಟು ಚಿಕ್ಕದಾಗಿ ಮಡಿಸಿದ ಝೆರಾಕ್ಸ್ ಇತ್ತು.

“ಹೋಗುವಾಗ ಹುಡುಗಿಯ ಊರು ಯಾವುದು ಅಂತ ನೋಡುವ ಅಂತ ಕನ್ನಡಕ ಹಾಕಿದೆ. ಗಂಡನ ಹೆಸರು ಕಂಡದ್ದೇ, ಮಡಿಸಿ ಇದರೊಳಗೆ ತುರುಕಿದೆ ನೀಲಮ್ಮ. ಬರ್ತೇನೆ ಅಂತ ಮಾತು ಕೊಟ್ಟಾಗಿತ್ತು, ಹೋಗಿ ಅವಲಕ್ಕಿ ತಿಂದೆ.”

ನಾನು ರೇಣುಕಾ ಹೇಳಿದ್ದನ್ನೆಲ್ಲ ಹೇಳಿದೆ. ಹೇಳುತ್ತ ಅತ್ತೆ. ಬೋರ್ಡಿನ ಮೇಲೆ ಬರೆದ ನಿಯಮ ಇಬ್ಬರಿಗೂ ಗೊತ್ತಿತ್ತು. ಹುಡುಗಿಯನ್ನು ಕಳಿಸು ಅಂದರೆ ಕಳಿಸಬೇಕು.

“ಮದುವೆಯಾಗದವರಿಗೆ ಮಾತ್ರ ಅಂತ ಬೋರ್ಡು ಬರೆಸಿದ್ದು ಯಾರು?” ಅಂದರು ಅವರು, ಹಡಪಸರ ಬಂದಾಗ.

“ನೀವೇ ರೀ.”

“ಹೌದಾ? ಆ ಬೋರ್ಡಿನ ಬಣ್ಣ ಹೋಗಿದೆ. ಹೊಸತು ಬರೆಸುವ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಅಂತ ಇದ್ದರೆ ಸಾಕು, ಪೈಂಟಿನವನಿಗೂ ಅಕ್ಷರ ಕಮ್ಮಿ.” ಮತ್ತೆ ಅಂದರು: “ಅಲ್ಲ ನೀಲಮ್ಮ, ಒಂದು ಮಂಚ ಕೊಡ್ಲಿಕ್ಕೆ ನಮಗೆ ಬೇಕಾದ್ದು ಎಂಥದು? ಮುಖ, ಹೆಸರು, ಚೀಟಿಯ ನಂಬ್ರ. ಗಂಡ ಯಾರು, ಊರು ಯಾವುದು, ಅದನ್ನೆಲ್ಲ ಅಂಟಿಸಿ ನಾವು ಉಪ್ಪಿನಕಾಯಿ ಹಾಕ್ತೇವಾ?”

ಅವರ ಹೋಟೆಲಿಗೆ ಹೋದೆವು. ಝೆರಾಕ್ಸನ್ನು ಅವರೇ ಇಡ್ಲಿ ಒಲೆಗೆ ಹಾಕಿದರು, ಬೂದಿಯನ್ನು ನಾನು ಹೊರಗೆಳೆದು ಪುಡಿ ಮಾಡಿದೆ. ಆಮೇಲೆ ನಾನು ಹಾಸ್ಟೆಲಿಗೆ ಬಂದಾಗ ರೇಣುಕಾ ಗೇಟಿನಲ್ಲೇ ನಿಂತಿದ್ದಳು. ನಾನು ಬೂದಿ ಹತ್ತಿದ ಕೈ ತೋರಿಸಿದೆ. ತಪ್ಪಾಯ್ತವಾ ಅಂದೆ. ಒಬ್ಬ ಹುಡುಗಿಯ ಮುಂದೆ ನಾನು ಹಾಗೆ ಅಂದದ್ದು ಮೊದಲ ಸಲ, ಅಂದ ಮೇಲೆ ಹಗುರಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಗಾದೆ ಮಾಡಿದ ಕಾಲಕ್ಕೆ ಝೆರಾಕ್ಸ್ ಇರಲಿಲ್ಲ, ಇದ್ದಿದ್ದರೆ ಅದನ್ನೂ ಸೇರಿಸುತ್ತಿದ್ದರು.

ಸೋಮವಾರವೇ ಹೊಸ ಪದ್ಧತಿ ಶುರು ಮಾಡಿದೆ. ಮದುವೆಯ ಕರೆಯೋಲೆಯ ದಪ್ಪ ರಟ್ಟಿನಿಂದ ಬೇರೆ ಬೇರೆ ಅಗಲದ ಪಟ್ಟಿ ಕತ್ತರಿಸಿದೆ. ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಮೊದಲು ಪಟ್ಟಿ, ಅದರ ಮೇಲೆ ಚೀಟಿ ಬೋರಲು. ಬೇಡದ ಸಾಲು ಪಟ್ಟಿಯ ಹಿಂದೆ ಅಡಗುತ್ತಿತ್ತು. ಮುಖ, ಹೆಸರು, ಸಂಖ್ಯೆ ಮಾತ್ರ ಬರುತ್ತಿತ್ತು. ಮೊದಲ ದಿನ ಅಂಗಡಿಯ ಕಾಕಾ ಗಾಬರಿಯಾದ.

“ಅಹೋ ತಾಯಿ, ಕಾರ್ಡ ಅರ್ಧಂಚ ಆಲಂ!” ಅಂತ ಕೂಗಿದ. ಚೀಟಿ ಅರ್ಧವೇ ಬಂದಿದೆಯೆಂದು, ತನ್ನ ಯಂತ್ರ ಕೆಟ್ಟಿತೆಂದು ಅವನ ಚಿಂತೆ. ಪಟ್ಟಿ ತೋರಿಸಿದ ಮೇಲೆ ಹೊಟ್ಟೆ ಹಿಡಿದು ನಕ್ಕ. ಆಮೇಲಾಮೇಲೆ ನಾನು ಹೋದರೆ ಅವನೇ ಕೇಳುತ್ತಿದ್ದ, ಇವತ್ತು ಯಾವ ಪಟ್ಟಿ, ಸಣ್ಣದಾ ದೊಡ್ಡದಾ ಅಂತ.

ಹಳೆಯ ಕೆಂಪು ಫೈಲನ್ನು ರದ್ದಿಯವನಿಗೆ ಕೊಡಲಿಲ್ಲ. ಒಬ್ಬೊಬ್ಬಳನ್ನೇ ಕರೆದು ಅವಳ ಪುಟ ಅವಳಿಗೇ ಕೊಟ್ಟೆ. ಶೋಭಾ ತನ್ನ ಪುಟ ಇಸಿದುಕೊಂಡು, “ಈಗ ನಿಮ್ಮ ವಯಸ್ಸೂ ಕೇಳೂದಿಲ್ಲ ಬಿಡ್ರಿ,” ಅಂದಳು. ಸುಗುಣಮ್ಮ ಶನಿವಾರ ಬರುವುದು ಬಿಡಲಿಲ್ಲ, ಗಂಡು ಹುಡುಕುವುದನ್ನೂ ಬಿಡಲಿಲ್ಲ. ಮೊದಲು ಹುಡುಗಿಯನ್ನೇ ಕರೆದು, ಬೇಕೋ ಬೇಡವೋ ಕೇಳುತ್ತಿದ್ದರು. ಬೇಡ ಅಂದವಳಿಗೂ ಗೋಳಿಬಜೆ ಸಿಗುತ್ತಿತ್ತು.

ಮುಂದೆ ಮೊಬೈಲು ಬಂತು. ಸಿಮ್ ಕೊಳ್ಳಲು ಹುಡುಗಿಯರು ಕಂಡ ಅಂಗಡಿಗೆಲ್ಲ ಝೆರಾಕ್ಸ್ ಕೊಟ್ಟು ಬರತೊಡಗಿದರು. ಅಲ್ಲಿ ಪಟ್ಟಿ ನಡೆಯುತ್ತಿರಲಿಲ್ಲ, ಪೂರ್ತಿ ಚೀಟಿ ಬೇಕು ಅನ್ನುತ್ತಿದ್ದರು. ಒಬ್ಬಳ ಒಂದೇ ಪ್ರತಿಯ ಮೇಲೆ ಅವಳಿಗೆ ಗೊತ್ತಿಲ್ಲದೆ ಇನ್ಯಾರದೋ ಸಿಮ್ ಹೊರಟು, ಆ ನಂಬರಿನ ಕರೆಗೆಲ್ಲ ಉತ್ತರ ಕೊಡುವ ಪಾಡು ಇವಳಿಗೆ ಬಂತು. ಅಂದಿನಿಂದ ಪ್ರತಿಯ ಮೇಲೆ ಓರೆಯಾಗಿ, ಫೋಟೋದ ಅಂಚನ್ನು ಮುಟ್ಟುವಂತೆ, ಇಂಥ ಅಂಗಡಿಗೆ ಇಂಥ ಕೆಲಸಕ್ಕೆ ಮಾತ್ರ ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಲು ಕಲಿಸಿದೆ. ಮೂಲ ಚೀಟಿಯನ್ನು ಯಂತ್ರದ ಮುಚ್ಚಳದಡಿ ಮರೆತು ಬರಬಾರದೆಂದೂ ಕಲಿಸಿದೆ. ಅದನ್ನು ಕಲಿಸುವ ಹೊತ್ತಿಗೆ ನನ್ನದನ್ನು ಎರಡು ಸಲ ಮರೆತು ಬಂದಿದ್ದೆ. ಕಾಕಾ ನನ್ನ ಫೋಟೋ ನೋಡಿಬಿಟ್ಟಿದ್ದ.

ರೇಣುಕಾ ಇನ್ನೂ ನಮ್ಮಲ್ಲೇ ಇದ್ದಳು. ಗಂಡನಿಂದ ಬಿಡುಗಡೆ ಪಡೆಯುವ ಕೋರ್ಟಿನ ಕೆಲಸ ಮುಗಿಯಲು ವರ್ಷಗಳು ಹಿಡಿದವು. ಒಂದೊಂದು ತಾರೀಖಿಗೂ ರಜೆ ಹಾಕಿ, ಕಾತ್ರಜದಿಂದ ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು. ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೆ ಊರಲ್ಲಿ ಹೊಲದ ಕೆಲಸ ಅನ್ನುತ್ತಿದ್ದೆ. ಅವಳಿಗೆ ಹೊಲವೇ ಇರಲಿಲ್ಲ.

ನಾನು ನಿವೃತ್ತಳಾಗುವ ವರ್ಷ, ಒಂದು ಸಂಜೆ ಊಟದ ಹೊತ್ತಿಗೆ ಅವಳು ಬಂದು ನನ್ನ ಮೇಜಿನ ಮೇಲೆ ಒಂದು ಹೊಸ ಚೀಟಿ ಇಟ್ಟಳು. ಪುಣೆಯ ವಿಳಾಸದ್ದು. ಫೋಟೋ ಎಂದಿನಂತೆ ಯಾರದೋ ಇದ್ದ ಹಾಗಿತ್ತು. ಫೈಲಿನ ಪ್ರತಿ ಬದಲಿಸಬೇಕಲ್ಲ, ಅಭ್ಯಾಸದಂತೆ ನನ್ನ ಕೈ ಪಟ್ಟಿಗಳ ಡಬ್ಬಿಗೆ ಹೋಯಿತು.

“ಪಟ್ಟಿ ಬ್ಯಾಡ್ರಿ ಅಕ್ಕಾರ,” ಅಂದಳು. “ಈ ಸಲ ಓದ್ರಿ. ಮೊದಲ ಓದತಿದ್ರಲ್ಲ, ಊಟದ ಮನ್ಯಾಗ, ಎಲ್ಲಾರ ಮುಂದ. ಹಂಗ ಓದ್ರಿ.”

ಊಟದ ಮನೆಗೆ ಹೋಗಿ ನಿಂತೆ. ನಲವತ್ತು ತಟ್ಟೆಗಳ ಸದ್ದು ನಿಂತಿತು. ಕನ್ನಡಕ ಹಾಕಿಕೊಂಡು ಅವಳ ಹೆಸರು ಓದಿದೆ. ಅದರ ಕೆಳಗಿನ ಸಾಲಿಗೆ ಬಂದೆ. ಅಲ್ಲಿ ಮರಾಠಿಯಲ್ಲಿ ತಾಯಿಯ ಹೆಸರು ಅಂತಿತ್ತು. ಅದರ ಮುಂದೆ, ಕಾತ್ರಜದ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತ ಆ ತಾಯಿಯ ಹೆಸರು. ಅದನ್ನು ಓದುವಷ್ಟರಲ್ಲಿ ನನ್ನ ದನಿ ಎರಡು ಸಲ ಒಡೆಯಿತು. ರೇಣುಕಾ ತಟ್ಟೆ ನೋಡಲಿಲ್ಲ, ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೋಟಿನ ಚೀಟಿ ಓದಿ ಅಳುವುದೇನಿದೆ ಅಂತ ಅವರಿಗೆ ತಿಳಿಯಲಿಲ್ಲ. ಅಷ್ಟು ವರ್ಷ ಜೊತೆಗಿದ್ದೂ ಒಬ್ಬಳಿಗೂ ಅವಳ ಗಂಡನ ವಿಷಯ ತಿಳಿದಿರಲಿಲ್ಲ.

“ಅಕ್ಕಾರ, ಸಾರು ಆರಾಕತ್ತದರೀ,” ಅಂದಳು ಯಾರೋ ಒಬ್ಬಳು.

ಚೀಟಿಯನ್ನು ರೇಣುಕಾಳ ಕೈಗೆ ಕೊಟ್ಟು, ಸಾರು ಬಡಿಸಲು ಹೋದೆ.